ಕಾಣದ ಪಾರ್ಟಿಷನ್‌ಗೆ ಕೈ ಹಾಕುವ ಮುನ್ನ

ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು ಎರಡನ್ನೂ ಇಟ್ಟುಕೊಂಡವರು ಪೇಚಿಗೆ ಸಿಲುಕುವುದು ಹೆಚ್ಚಾಗಿ ಒಂದೇ ರೀತಿ. ಉಬುಂಟುವಿನಲ್ಲಿ ಡಿಸ್ಕಿನ ಭಾಗಗಳನ್ನು (ಪಾರ್ಟಿಷನ್) ತೋರಿಸಿ ಬದಲಿಸುವ ಜಿಪಾರ್ಟೆಡ್ ತೆರೆಯುತ್ತಾರೆ. ಮೈ ಕಂಪ್ಯೂಟರ್‌ನಲ್ಲಿ ಎಂದೂ ಕಾಣದ ಮೂರ್ನಾಲ್ಕು ಪುಟ್ಟ ಪಾರ್ಟಿಷನ್‌ಗಳು ಅಲ್ಲಿ ಕಾಣುತ್ತವೆ. ‘ಇದ್ಯಾವುದೋ ಹಳೆಯದು’ ಎಂದು ಡಿಲೀಟ್ ಒತ್ತುತ್ತಾರೆ. ಮುಂದಿನ ಸಲ ಆನ್ ಮಾಡಿದಾಗ ವಿಂಡೋಸೂ ಇಲ್ಲ, ಉಬುಂಟುವೂ ಇಲ್ಲ.

ಹಂತ 1: ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ. ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗವಾದ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಪೂರ್ತಿ ಶಟ್‌ಡೌನ್ ಆಗದಂತೆ ಮಾಡುವ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಹಂತ 2: ಯಾವುದು ಯಾವುದು ಅಂತ ಗುರುತಿಸಿ. ಇಲ್ಲಿ ಆತುರ ಬೇಡ.

ಸಾಮಾನ್ಯವಾಗಿ 100 ಎಂಬಿ, ಕೆಲವು ಯಂತ್ರಗಳಲ್ಲಿ 260 ಎಂಬಿ ಇರುವ ಫ್ಯಾಟ್32 (ಫೈಲ್‌ಗಳನ್ನು ಜೋಡಿಸಿಡುವ ಒಂದು ವಿಧಾನ, ಅಂದರೆ ಫೈಲ್ ಸಿಸ್ಟಮ್) ಪಾರ್ಟಿಷನ್ ಇಎಫ್‌ಐ ಸಿಸ್ಟಮ್ ಪಾರ್ಟಿಷನ್. ಎರಡೂ ಓಎಸ್‌ಗಳನ್ನು ಎಬ್ಬಿಸುವ ಫೈಲ್‌ಗಳು ಇದರಲ್ಲೇ ಇರುತ್ತವೆ. ಒಳಗೆ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಮೈಕ್ರೋಸಾಫ್ಟ್ ಮತ್ತು ಉಬುಂಟು ಹೆಸರಿನ ಫೋಲ್ಡರ್‌ಗಳು ಕಂಡರೆ ಇದೇ ಅದು. 16 ಎಂಬಿಯದು ಮೈಕ್ರೋಸಾಫ್ಟ್ ಕಾದಿರಿಸಿದ ಜಾಗ. ಅದರಲ್ಲಿ ಫೈಲ್ ಸಿಸ್ಟಮ್ಮೇ ಇಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ತೋರಿಸುವುದೂ ಇಲ್ಲ, ಆದೇಶ ಬರೆದು ಬಳಸುವ ವಿಂಡೋಸ್ ಸಾಧನ ಡಿಸ್ಕ್‌ಪಾರ್ಟ್ ಮಾತ್ರ ತೋರಿಸುತ್ತದೆ. 500 ಎಂಬಿಯಿಂದ 1 ಜಿಬಿ ಆಸುಪಾಸಿನ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) ಪಾರ್ಟಿಷನ್, ವಿಂಡೋಸ್ ಕೆಟ್ಟಾಗ ರಿಪೇರಿಗೆ ಬಳಸುವ ರಿಕವರಿ. ಹತ್ತಾರು ಜಿಬಿ ಇದ್ದರೆ ಅದು ಕಂಪನಿಯವರ ಫ್ಯಾಕ್ಟರಿ ರಿಸೆಟ್ ಸಾಮಗ್ರಿ ಇರಬಹುದು.

ಗಾತ್ರ ಒಂದನ್ನೇ ನಂಬಬೇಡಿ. ಜಿಪಾರ್ಟೆಡ್‌ನ ಫ್ಲ್ಯಾಗ್ಸ್ ಕಾಲಮ್ಮಿನಲ್ಲಿ ‘ಬೂಟ್, ಇಎಸ್‌ಪಿ’ (ಇಎಫ್‌ಐ ಸಿಸ್ಟಮ್ ಪಾರ್ಟಿಷನ್) ಎಂದಿದ್ದರೆ ಅದನ್ನು ಮುಟ್ಟಲೇಬಾರದು. ಎರಡು ಡಿಸ್ಕ್ ಇರುವ ಯಂತ್ರದಲ್ಲಿ ಇಂಥವು ಎರಡಿರಬಹುದು. ಆಗ ಬಹಳ ಜನ ಒಂದು ಹೆಚ್ಚುವರಿ ಎಂದುಕೊಳ್ಳುತ್ತಾರೆ. ಉಬುಂಟು ಟರ್ಮಿನಲ್‌ನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಆದೇಶವನ್ನು -v ಸೇರಿಸಿ ಓಡಿಸಿದರೆ ಯಾವ ಓಎಸ್ ಯಾವ ಪಾರ್ಟಿಷನ್ನಿಂದ ಏಳುತ್ತದೆ ಎಂಬುದು ಉದ್ದದ ಗುರುತಿನ ಸಂಖ್ಯೆಯಾಗಿ ಬರುತ್ತದೆ. ಬ್ಲಕ್‌ಐಡಿ ಆದೇಶ ತೋರಿಸುವ ಪಾರ್ಟ್‌ಯುಯುಐಡಿ (ಪ್ರತಿ ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಜೊತೆ ಅದನ್ನು ಹೋಲಿಸಿ. ಎರಡು ನಿಮಿಷದ ಕೆಲಸ, ಆದರೂ ಯಾರೂ ಮಾಡುವುದಿಲ್ಲ.

ಅಂದಹಾಗೆ, ಡಿಸ್ಕ್‌ಪಾರ್ಟ್‌ನಲ್ಲಿ ಕ್ಲೀನ್ ಎಂಬ ಆದೇಶವೊಂದಿದೆ. ಹೆಸರು ನೋಡಿ ಕಸ ಗುಡಿಸುತ್ತದೆ ಎಂದುಕೊಳ್ಳಬೇಡಿ. ಆರಿಸಿದ ಡಿಸ್ಕಿನ ಎಲ್ಲ ಪಾರ್ಟಿಷನ್‌ಗಳನ್ನೂ ಅದು ತೆಗೆದುಹಾಕುತ್ತದೆ. ‘ಖಂಡಿತಾನಾ?’ ಅಂತ ಕೇಳುವುದೂ ಇಲ್ಲ.

ಹಂತ 3: ರಿಕವರಿ ಪಾರ್ಟಿಷನ್ ಇದ್ದಕ್ಕಿದ್ದಂತೆ ಹೊಸ ಡ್ರೈವ್ ಆಗಿ ಕಾಣಿಸಿಕೊಂಡು ‘ಜಾಗ ತುಂಬಿದೆ’ ಎಂದು ಕಾಡುತ್ತಿದೆಯೇ? ವಿಂಡೋಸ್ 10ಕ್ಕೆ 2018ರ ಏಪ್ರಿಲ್ ಅಪ್‌ಡೇಟ್ ಬಂದಾಗ ಹಲವರಿಗೆ ಹೀಗಾಗಿತ್ತು. ಖಾಲಿ ಮಾಡಲು ಹೋಗಬೇಡಿ. ಡಿಸ್ಕ್‌ಪಾರ್ಟ್‌ನಲ್ಲಿ ಆ ವಾಲ್ಯೂಮ್ ಆರಿಸಿ, ರಿಮೂವ್ ಆದೇಶದಿಂದ ಅದರ ಡ್ರೈವ್ ಅಕ್ಷರ (ಸಿ, ಡಿ ಇದ್ದಂತೆ) ತೆಗೆಯಿರಿ. ಸಾಕು.

ಹಂತ 4: ಎಲ್ಲ ಪಾರ್ಟಿಷನ್ ಸರಿಯಾಗಿದ್ದೂ ಆನ್ ಮಾಡಿದಾಗ ಓಎಸ್ ಆರಿಸಲು ಬರುವ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ. ಆ ಮೆನು ತೋರಿಸುವ ಗ್ರಬ್‌ನ 2.06 ಆವೃತ್ತಿಯಿಂದ ಈಚೆಗೆ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಗ್ರಬ್ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಅದನ್ನು ತಡೆಯುವ ಸಾಲಿಗೆ ‘ಫಾಲ್ಸ್’ ಕೊಟ್ಟು, ಅಪ್‌ಡೇಟ್-ಗ್ರಬ್ ಓಡಿಸಿ. ಉಬುಂಟುವೇ ಕಾಣದಿದ್ದರೆ ಮೊದಲು ಬಯಾಸ್‌ನಲ್ಲಿ ಬೂಟ್ ಕ್ರಮ ನೋಡಿ.

ಹಂತ 5: ಇಎಫ್‌ಐ ಪಾರ್ಟಿಷನ್ ಡಿಲೀಟ್ ಆಗಿಯೇ ಹೋಗಿದ್ದರೆ ಆ ಜಾಗದಲ್ಲಿ ಹೊಸದೇನನ್ನೂ ಬರೆಯಬೇಡಿ. ಡಿಲೀಟ್ ಮಾಡಿದಾಗ ಸಾಮಾನ್ಯವಾಗಿ ಪಾರ್ಟಿಷನ್ ಪಟ್ಟಿಯಲ್ಲಿನ ನಮೂದು ಮಾತ್ರ ಹೋಗಿರುತ್ತದೆ. ಉಬುಂಟುವಿನ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಉಬುಂಟು ಓಡಿಸುವ ಪೆನ್‌ಡ್ರೈವ್) ಕಳೆದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಓಡಿಸಿದರೆ ಅದು ವಾಪಸ್ ಸಿಗುವ ಸಾಧ್ಯತೆ ಜಾಸ್ತಿ. ‘ಒಂದೇ ಕ್ಲಿಕ್ಕಿನಲ್ಲಿ ಬೂಟ್ ರಿಪೇರಿ’ ಎನ್ನುವ ಪುಕ್ಕಟೆ ಪಾರ್ಟಿಷನ್ ಮ್ಯಾನೇಜರ್‌ಗಳನ್ನು ನಾನಂತೂ ಹತ್ತಿರ ಸೇರಿಸುವುದಿಲ್ಲ. ಎಷ್ಟೋ ಸಲ ಎಲ್ಲ ಮುಗಿದ ಮೇಲೆ ‘ಸೇವ್ ಮಾಡಲು ಹಣ ಕೊಡಿ’ ಎನ್ನುತ್ತವೆ.

ಟೆಸ್ಟ್‌ಡಿಸ್ಕ್ ಕೈಕೊಟ್ಟರೆ ಮಾತ್ರ ಅದೇ ಜಾಗದಲ್ಲಿ ಹೊಸ ಫ್ಯಾಟ್32 ಪಾರ್ಟಿಷನ್ ಮಾಡಿ, ಇಎಸ್‌ಪಿ ಫ್ಲ್ಯಾಗ್ ಕೊಡಿ. ವಿಂಡೋಸ್ ಇನ್‌ಸ್ಟಾಲ್ ಯುಎಸ್‌ಬಿಯಲ್ಲಿ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆದು, ಡಿಸ್ಕ್‌ಪಾರ್ಟ್‌ನಲ್ಲಿ ಹೊಸದಕ್ಕೊಂದು ಅಕ್ಷರ ಕೊಟ್ಟು, ವಿಂಡೋಸ್‌ನ ಬೂಟ್ ಫೈಲ್‌ಗಳನ್ನು ಮತ್ತೆ ಬರೆಯುವ ಬಿಸಿಡಿಬೂಟ್ ಓಡಿಸಿ. ಅಲ್ಲಿ ವಿಂಡೋಸ್ ಇರುವ ಡ್ರೈವ್ ಸಿ ಆಗಿರಲೇಬೇಕು ಅಂತಿಲ್ಲ, ಒಮ್ಮೆ ತೆರೆದು ನೋಡಿ. ಉಬುಂಟುವಿಗೆ ಲೈವ್ ಯುಎಸ್‌ಬಿಯಿಂದ ಬೂಟ್-ರಿಪೇರ್ ಎಂಬ ಉಚಿತ ಸಾಧನ ಸಾಕು, ಇದು ಮೇಲೆ ಹೇಳಿದ ಹಣ ಕೇಳುವ ಗುಂಪಿನದಲ್ಲ.

ಹೊಸ ಪಾರ್ಟಿಷನ್‌ನ ಯುಯುಐಡಿ (ಗುರುತಿನ ಸಂಖ್ಯೆ) ಬೇರೆಯಾಗಿರುತ್ತದೆ. ಆನ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿಯಿರುವ ಉಬುಂಟುವಿನ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಹಳೆಯದೇ ಉಳಿದಿದ್ದರೆ ಮೆನು ಬಂದರೂ ಉಬುಂಟು ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ. ಆ ಒಂದು ಸಾಲು ತಿದ್ದಿ, ರೀಬೂಟ್ ಮಾಡಿ.