ಡ್ಯಾನ್ಸ್ ಗೇಮ್ ಕೂಡಿಡುವವರಿಗೆ ಒಂದು ಸಲಹೆ

ಡ್ಯಾನ್ಸ್ ಗೇಮ್‌ಗಳನ್ನು, ಅಂದರೆ ಕುಣಿಯುತ್ತಾ ಆಡುವ ವಿಡಿಯೊ ಗೇಮ್‌ಗಳನ್ನು, ಸಂಗ್ರಹಿಸುವ ಉಡುಪಿಯ ಗೆಳೆಯರು ದುಡ್ಡು ಕೊಡುವ ಮೊದಲು ಡಬ್ಬಿಯೊಳಗೆ ಡಿಸ್ಕ್ ಇದೆಯೇ ಎಂದು ನೋಡಿಕೊಳ್ಳಬೇಕು. 2009ರ ಮೊದಲ ‘ಜಸ್ಟ್ ಡ್ಯಾನ್ಸ್’ ಡಿಸ್ಕಿನಲ್ಲೇ ಬಂದಿದ್ದರೂ ಲಕ್ಷಗಟ್ಟಲೆ ಮಾರಾಟವಾದುದರಿಂದ ಅದರ ಬೆಲೆ ಬೇಗನೆ ಏರಲಾರದು; 2023ರ ಆವೃತ್ತಿಯ ಡಬ್ಬಿಯಲ್ಲಂತೂ ಡೌನ್‌ಲೋಡ್ ಕೋಡ್ ಮಾತ್ರ ಇದ್ದು, ಬಳಸಿದ ಮೇಲೆ ಉಳಿಯುವುದು ಖಾಲಿ ಡಬ್ಬಿಯೇ. 1998ರಲ್ಲಿ ಜಪಾನಿನ ಆರ್ಕೇಡ್‌ಗಳಲ್ಲಿ (ನಾಣ್ಯ ಹಾಕಿ ಆಡುವ ಗೇಮ್ ಕೇಂದ್ರಗಳಲ್ಲಿ) ಆರಂಭವಾದ ಕೊನಾಮಿ ಕಂಪನಿಯ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ನ ಹಳೆಯ ಪ್ಲೇಸ್ಟೇಷನ್ ಆವೃತ್ತಿಯು ಕೈಪಿಡಿ ಮತ್ತು ಬಾಣದ ಗುರುತುಗಳನ್ನು ತುಳಿದು ಆಡುವ ಮ್ಯಾಟ್ ಸಮೇತ ಸಿಕ್ಕಿದರೆ, ನನ್ನ ಅಭಿಪ್ರಾಯದಲ್ಲಿ ಅದಕ್ಕೇ ಮೊದಲ ಆದ್ಯತೆ. ಮ್ಯಾಟನ್ನು ಮಾತ್ರ ದಯವಿಟ್ಟು ಮಡಚಿಡಬೇಡಿ, ಸಡಿಲವಾಗಿ ಸುತ್ತಿಡಿ. ನನ್ನದರಲ್ಲಿ ಮಡಿಕೆ ಬಿದ್ದ ಜಾಗದಲ್ಲೇ ಒಳಪದರ ಬಿರುಕುಬಿಟ್ಟು, ಎಡಬಾಣವನ್ನು ಎಷ್ಟು ತುಳಿದರೂ ಕೆಲಸ ಮಾಡದಂತಾಯಿತು. ಆಟಿ ತಿಂಗಳ ಮಳೆಯ ತೇವಕ್ಕೆ ಕೈಪಿಡಿಯ ಹಾಳೆಗಳು ಬೂಷ್ಟು ಹಿಡಿಯುವುದರಿಂದ, ಅವನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬದಲ್ಲಿ ಇಡಿ.