ಬೆದರಿದ ಕುದುರೆಯನ್ನು ಒಲಿಸಿಕೊಳ್ಳುವುದು ಹೇಗೆ?

ಪಕ್ಕೆಲುಬು ಎಣಿಸುವಷ್ಟು ಸೊರಗಿದ, ಗೊರಸು ಬೆಳೆದು ಸೊಟ್ಟಗಾದ, ಮನುಷ್ಯರನ್ನು ಕಂಡರೆ ಮೂಲೆ ಸೇರುವ ಕುದುರೆಯೊಂದು ನಿಮ್ಮ ಆರೈಕೆಗೆ ಬಂದಿದೆ ಎಂದಿಟ್ಟುಕೊಳ್ಳಿ. ಹೊಟ್ಟೆ ತುಂಬ ಕಾಳು ತಿನ್ನಿಸಬೇಕು, ಮೈದಡವಿ ಸಮಾಧಾನ ಮಾಡಬೇಕು ಅನ್ನಿಸುವುದು ಸಹಜ. ಸದ್ಯಕ್ಕೆ ಎರಡನ್ನೂ ತಡೆದುಕೊಳ್ಳಿ.

ಮೊದಲು ಹೊಟ್ಟೆಯ ವಿಚಾರ

ಬಹಳ ದಿನ ಉಪವಾಸ ಬಿದ್ದ ಕುದುರೆಗೆ ಒಮ್ಮೆಲೇ ಕಾಳು, ಬೂಸಾ ಸುರಿದರೆ ಅದು ಸತ್ತೇಹೋಗಬಹುದು. ಕಾಳಿನಲ್ಲಿರುವ ಪಿಷ್ಟದಿಂದ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ರಂಜಕ, ಮೆಗ್ನೀಸಿಯಂ ಜೀವಕೋಶಗಳೊಳಗೆ ಸೇರಿಬಿಡುತ್ತವೆ. ಹೃದಯ, ಉಸಿರಾಟ ಕೈಕೊಡುತ್ತವೆ. ಅದೂ ತಿನ್ನಿಸಿದ ದಿನವೇ ಅಲ್ಲ, ಕೆಲವು ದಿನ ಕಳೆದು, ಇನ್ನೇನು ಚೇತರಿಸಿಕೊಂಡಿತು ಎಂದು ನಾವು ನಿರಾಳವಾದಾಗ. ಹಾಗಾಗಿ ಪಶುವೈದ್ಯರನ್ನು ಕೇಳಿಯೇ ಮೇವು ಹಾಕಿ. ದೊಡ್ಡ ಕುದುರೆಗಾದರೆ ಕುದುರೆಮಸಾಲೆ (ಲೂಸರ್ನ್) ಸೊಪ್ಪಿನ ಒಣಮೇವು ಸುಮಾರು ಅರ್ಧ ಕಿಲೋ, 4 ಗಂಟೆಗೊಮ್ಮೆ, ಮೊದಲ 3 ದಿನ. ಆಮೇಲೆ ನಿಧಾನವಾಗಿ ಹೆಚ್ಚಿಸುವುದು ರೂಢಿಯಲ್ಲಿರುವ ಕ್ರಮ. ನೀರು ಸದಾ ಇರಲಿ. ಜಂತುಹುಳು, ಹಲ್ಲು, ಲಸಿಕೆ ಯಾವಾಗ ಎಂಬುದನ್ನು ವೈದ್ಯರಿಗೇ ಬಿಡಿ.

ಗೆರೆ ಗುರುತಿಸುವುದು

ಕುದುರೆಯ ಕಣ್ಣುಗಳಿರುವುದು ತಲೆಯ ಎರಡು ಬದಿಗೆ. ಸುತ್ತ ಸುಮಾರು 350 ಡಿಗ್ರಿಯಷ್ಟು ಅದಕ್ಕೆ ಕಾಣುತ್ತದೆ. ಕಾಣದಿರುವುದು ಹಣೆಯ ಮುಂದಿನ ತುಸು ಜಾಗ ಮತ್ತು ಬಾಲದ ಹಿಂಬದಿ. ನಾವೋ, ಕೈ ಚಾಚಿಕೊಂಡು ನೆಟ್ಟಗೆ ಹಣೆಗೇ ಹೋಗುತ್ತೇವೆ! ಹಾಗೆ ಮಾಡದೆ, ಭುಜದ ಕಡೆಗೆ ಓರೆಯಾಗಿ, ಕಣ್ಣಲ್ಲಿ ಕಣ್ಣಿಡದೆ ನಡೆಯಿರಿ.

ಇಷ್ಟು ದೂರ ಬಂದರೆ ಓಡುತ್ತೇನೆ ಎಂಬ ಗೆರೆಯೊಂದು ಪ್ರತಿ ಕುದುರೆಗೂ ಇರುತ್ತದೆ. ಓಡುವ ಮುಂಚೆ ಅದು ಹೇಳಿಯೇ ಹೇಳುತ್ತದೆ: ಮೇವು ಅಗಿಯುವುದು ನಿಲ್ಲುತ್ತದೆ, ತಲೆ ಮೇಲೇಳುತ್ತದೆ, ಒಂದು ಕಿವಿ ನಿಮ್ಮ ಮೇಲೆ ನಾಟುತ್ತದೆ, ಕಣ್ಣಿನ ಮೇಲ್ಭಾಗ ಸುಕ್ಕುಗಟ್ಟುತ್ತದೆ. ಅಲ್ಲಿಯೇ ನಿಂತುಬಿಡಿ. ಕಾಯಿರಿ. ಅದು ತಲೆ ತಗ್ಗಿಸಿದೊಡನೆ ಅಥವಾ ಉಸಿರು ಬಿಟ್ಟೊಡನೆ ನೀವೇ ತಿರುಗಿ ನಾಲ್ಕು ಹೆಜ್ಜೆ ಹಿಂದೆ ಹೋಗಿ.

ಪಳಗಿಸುವ ಕೆಲಸದ ತಿರುಳೇ ಈ ಹಿಂದೆ ಸರಿಯುವಿಕೆ. ಒತ್ತಡ ಯಾವ ಗಳಿಗೆಯಲ್ಲಿ ಸಡಿಲವಾಯಿತೋ ಆ ಗಳಿಗೆಯಲ್ಲಿ ತಾನು ಮಾಡುತ್ತಿದ್ದುದನ್ನೇ ಕುದುರೆ ಕಲಿಯುತ್ತದೆ. ಅದು ಓಡಿದ ಮೇಲೆ ನೀವು ಹಿಂದೆ ಸರಿದರೆ, ಓಡಿದರೆ ಮನುಷ್ಯ ತೊಲಗುತ್ತಾನೆ ಎಂಬ ಪಾಠ ಆಗುತ್ತದೆ. ಸುಮ್ಮನೆ ನಿಂತಿರುವಾಗ ಸರಿದರೆ ನಿಲ್ಲುವುದನ್ನು ಕಲಿಯುತ್ತದೆ. ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ದಿನಕ್ಕೆ ಎರಡು ಮೂರು ಸಲ ಮಾಡಿದರಾಯಿತು.

ತುಟಿ ನೆಕ್ಕಿ ಬಾಯಾಡಿಸಿದರೆ ಒಪ್ಪಿತು ಅಂತ ಅರ್ಥ ಎನ್ನುವವರಿದ್ದಾರೆ. ನಾನು ಅಷ್ಟು ಅವಸರಪಡುವುದಿಲ್ಲ. ಅದು ಆಗಷ್ಟೇ ಬಿಗಿ ಸಡಿಲವಾದುದರ ಗುರುತು ಎಂದರೆ, ಕ್ಷಣದ ಹಿಂದೆ ಬಿಗಿ ಇತ್ತು ಎಂದೂ ಆಯಿತಲ್ಲ?

ಮುಟ್ಟುವುದು

ಮೊದಲ ಸ್ಪರ್ಶ ಮುಖಕ್ಕಲ್ಲ, ಕುತ್ತಿಗೆಯ ಕೂದಲು ಮುಗಿದು ಬೆನ್ನು ಶುರುವಾಗುವ ದಿಣ್ಣೆಗೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುವುದನ್ನು ಅಳೆದೂ ನೋಡಿದ್ದಾರೆ. ತಟ್ಟಬೇಡಿ, ಕೆರೆಯಿರಿ. ಸರಿಯಾದ ಜಾಗ ಸಿಕ್ಕರೆ ಮೇಲ್ದುಟಿ ಉದ್ದವಾಗಿ ಅದುರತೊಡಗುತ್ತದೆ. ಆಗಲೂ ಅದು ಸರಿದು ಹೋಗುವ ಮುಂಚೆ ನಿಮ್ಮ ಕೈ ತೆಗೆಯಿರಿ. ಎಡಗಡೆ ಒಪ್ಪಿದ್ದನ್ನು ಬಲಗಡೆ ಮತ್ತೆ ಮೊದಲಿನಿಂದ ಕಲಿಸಬೇಕಾಗಬಹುದು. ತಿನಿಸನ್ನು ಕೈಯಿಂದ ಕೊಡಬೇಡಿ, ಕಚ್ಚುವ ಚಾಳಿ ಬೀಳಬಹುದು, ಬಕೆಟ್‌ಗೆ ಹಾಕಿ.

ಮುಖಕ್ಕೆ ಹಗ್ಗ ಹಾಕುವುದೂ ಇದೇ ಕ್ರಮದಲ್ಲಿ: ಮೂಸಲು ಬಿಡಿ, ಕುತ್ತಿಗೆಗೆ ತಾಗಿಸಿ ತೆಗೆಯಿರಿ, ಕೊನೆಗೆ ಕಟ್ಟಿ. ಯಾರೂ ಇಲ್ಲದಾಗ ಅದನ್ನು ಬಿಚ್ಚಿಡಿ. ಎಲ್ಲಾದರೂ ಸಿಕ್ಕಿಕೊಂಡರೆ ಗಾಬರಿಯಲ್ಲಿ ಕುತ್ತಿಗೆಯೇ ಮುರಿದೀತು.

ಕಾಲು ಕೊನೆಗೆ. ಭುಜದ ಪಕ್ಕ ನಿಂತು ಕೈಯನ್ನು ಮೇಲಿಂದ ಕೆಳಗೆ ಜಾರಿಸಿ, ಗೊರಸನ್ನು ಒಂದೆರಡು ಕ್ಷಣ ಎತ್ತಿ, ಅದು ಕಾಲು ಕಿತ್ತುಕೊಳ್ಳುವ ಮುಂಚೆ ಇಳಿಸಿ. ಗೊರಸಿನ ನೋವು ಅಲ್ಲಿಯವರೆಗೆ ಕಾಯುವಂತಿಲ್ಲದಿದ್ದರೆ ವೈದ್ಯರಿಂದ ಮಂಪರಿನ ಚುಚ್ಚುಮದ್ದು ಹಾಕಿಸಿ ಗೊರಸು ಕತ್ತರಿಸಿ. ನಾಲ್ಕು ಜನ ಸೇರಿ ಕೆಡವಿ ಹಿಡಿಯುವುದಕ್ಕಿಂತ ಅದೇ ಮೇಲು.