ಸೂಜಿ ಹಾಕುವ ಮೊದಲು ಬಳೆ ಸರಿಸಬೇಕು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯಲ್ಲಿ ನನ್ನದೊಂದು ಸಣ್ಣ ಅಕ್ಯುಪಂಕ್ಚರ್ (ಚೀನೀ ಸೂಜಿ ಚಿಕಿತ್ಸೆ) ದವಾಖಾನೆ ಇದೆ. ಬರುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ‘ನನಗೆ ಖಿನ್ನತೆ’ ಅಂತ ಹೇಳಿಕೊಂಡು ಯಾರೂ ಬರುವುದಿಲ್ಲ. ಸೊಂಟ ನೋವು, ತಲೆಶೂಲೆ, ನಿದ್ದೆ ಇಲ್ಲ, ಎದೆ ಡಬಡಬ. ಮಾತಾಡುತ್ತ ಹೋದರೆ, “ಗಂಟಲಾಗ ಏನೋ ಸಿಕ್ಕೊಂಡಂಗ ಆಗತೈತ್ರಿ ಅಕ್ಕಾರ, ನುಂಗಿದ್ರ ಹೋಗಂಗಿಲ್ಲ, ಉಗುಳಿದ್ರ ಬರಂಗಿಲ್ಲ” ಅನ್ನುತ್ತಾರೆ.

ಸುಮಾರು 1800 ವರ್ಷದ ಹಿಂದೆ ಝಾಂಗ್ ಝೊಂಗ್‌ಜಿಂಗ್ ಎಂಬ ಚೀನೀ ವೈದ್ಯ ಹೆಂಗಸರ ಕಾಯಿಲೆಗಳ ಬಗ್ಗೆ ಬರೆಯುವಾಗ ಇದೇ ದೂರನ್ನು ದಾಖಲಿಸಿದ್ದಾನೆ: ಗಂಟಲಲ್ಲಿ ಸುಟ್ಟ ಮಾಂಸದ ತುಣುಕು ಸಿಕ್ಕಿಕೊಂಡ ಹಾಗೆ. ಚೀನೀ ವೈದ್ಯದ ಲೆಕ್ಕದಲ್ಲಿ, ಒಳಗೇ ಇಟ್ಟುಕೊಂಡ ಸಿಟ್ಟು, ದುಃಖದಿಂದ ಲಿವರ್‌ನ ‘ಚೀ’, ಅಂದರೆ ಪ್ರಾಣಶಕ್ತಿ, ಹರಿಯದೆ ಕಟ್ಟಿಕೊಳ್ಳುತ್ತದೆ. ಇದನ್ನು ನಾನು ದೇಹದ ಅಕ್ಷರಶಃ ವಿವರಣೆ ಅಂತ ತಗೊಳ್ಳುವುದಿಲ್ಲ. ಸೂಜಿ ಹಾಕಲು ಯಾವ ಪಾಯಿಂಟ್ ಹಿಡಿಯಬೇಕು ಅನ್ನುವುದಕ್ಕೆ ದಾರಿ ತೋರಿಸುತ್ತದೆ, ಅಷ್ಟು ಸಾಕು.

ಮೊದಲ ಕೆಲಸ, ಜೊತೆಗೆ ಬಂದ ಅತ್ತೆಯನ್ನು ಹೊರಗೆ ಕೂರಿಸುವುದು. “ಸೂಜಿ ಹಾಕುವಾಗ ಒಳಗ ಒಬ್ಬರೇ ಇರಬೇಕ್ರಿ” ಅನ್ನುತ್ತೇನೆ. ಹಾಗೇನೂ ನಿಯಮವಿಲ್ಲ. ಆದರೆ ಅತ್ತೆ ಎದ್ದು ಹೋದ ಮೇಲೇ ನಿಜವಾದ ಮಾತು ಶುರುವಾಗುವುದು. ಥೈರಾಯ್ಡ್, ಹಿಮೋಗ್ಲೋಬಿನ್ ತಪಾಸಣೆಯನ್ನೂ ಬರೆದುಕೊಡುತ್ತೇನೆ. ಥೈರಾಯ್ಡ್ ಕಡಿಮೆ ಇದ್ದರೂ ಇದೇ ಸುಸ್ತು, ಇದೇ ಬೇಜಾರು ಬರುತ್ತದೆ. ಚೀನೀ ಪದ್ಧತಿಯಲ್ಲಿ ನಾಲಿಗೆಯ ಬಣ್ಣ ನೋಡುವುದು ದೊಡ್ಡ ವಿದ್ಯೆ. ನಮ್ಮ ಕಡೆ ಮಿಶ್ರಿ (ಹಲ್ಲಿಗೆ ಉಜ್ಜುವ ಸುಟ್ಟ ತಂಬಾಕಿನ ಪುಡಿ) ಹಚ್ಚುವವರ ನಾಲಿಗೆಯಲ್ಲಿ ಏನು ಕಾಣುತ್ತದೆ ಹೇಳಿ!

ಪುಸ್ತಕದಲ್ಲಿ ಬರೆಯದ ಕಷ್ಟ ಬಳೆಯದು. ಎದೆ ಬಡಿತಕ್ಕೆ, ಗಾಬರಿಗೆ ಹಿಡಿಯುವ ಶೆನ್‌ಮೆನ್ ಪಾಯಿಂಟ್ ಮಣಿಕಟ್ಟಿನ ಗೆರೆಯ ಮೇಲೆ, ಕಿರುಬೆರಳಿನ ಕಡೆ ಇದೆ. ನೇಗ್ವಾನ್ ಪಾಯಿಂಟ್ ಆ ಗೆರೆಯಿಂದ ಮೂರು ಬೆರಳು ಮೇಲೆ, ಮುಂಗೈಯ ಒಳಬದಿಯ ನಡುವೆ. ಎರಡೂ ಹಸಿರು ಬಳೆಯ ಕೆಳಗೇ ಬರುತ್ತವೆ. ಬಳೆ ತೆಗೆಯಿರಿ ಅನ್ನುವ ಹಾಗಿಲ್ಲ. ಮೊಣಕೈ ಕಡೆಗೆ ಸರಿಸಿ, ಜಾರದಂತೆ ಕರ್ಚೀಫು ಸುತ್ತುತ್ತೇನೆ. ಹುಬ್ಬುಗಳ ನಡುವಿನ ಯಿನ್‌ಟಾಂಗ್ ಕುಂಕುಮದ ಜಾಗ. ಟಿಕಳಿಯಾದರೆ ತೆಗೆದು ಕನ್ನಡಿಗೆ ಅಂಟಿಸುತ್ತಾರೆ. ಕುಂಕುಮ ಹಚ್ಚಿದ್ದರೆ ಆ ಪಾಯಿಂಟನ್ನೇ ಬಿಟ್ಟು ನೆತ್ತಿಯ ಬೈಹುಯಿ ಹಿಡಿಯುತ್ತೇನೆ. ಕಾಲಲ್ಲಿ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ, ಸ್ವಲ್ಪ ಮೇಲೆ ತಾಯ್‌ಚೊಂಗ್. ಕಾಲುಂಗುರ ಅಡ್ಡ ಬರುವುದಿಲ್ಲ, ಪುಣ್ಯ. ಗರ್ಭಿಣಿಯರಿಗೆ ಒಳಪಾದದ ಗಂಟಿನ ಮೇಲಿನ ಸಾನ್‌ಯಿನ್‌ಜಿಯಾವ್, ಕೈಯ ಹೆಗು ಮುಟ್ಟುವುದಿಲ್ಲ.

ಸೂಜಿ ಕಾಲು ಮಿಲಿಮೀಟರ್ ದಪ್ಪ, ಒಮ್ಮೆ ಬಳಸಿ ಬಿಸಾಡುವುದು. ಇಪ್ಪತ್ತು, ಇಪ್ಪತ್ತೈದು ನಿಮಿಷ ಸುಮ್ನೆ ಮಲಗಬೇಕು. ಎಷ್ಟೋ ಜನರಿಗೆ ಹಗಲಲ್ಲಿ ಯಾರೂ ಕರೆಯದೆ ಮಲಗಲು ಸಿಗುವುದು ಅಷ್ಟೇ ಹೊತ್ತು. ಗುಣದಲ್ಲಿ ಅದರ ಪಾಲೂ ಇದೆ ಅನ್ನುವುದು ನನ್ನ ಅನಿಸಿಕೆ. ಖಿನ್ನತೆಗೆ ಅಕ್ಯುಪಂಕ್ಚರ್ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2018ರ ಕೊಕ್ರೇನ್ ವಿಮರ್ಶೆಯೂ ಹೆಚ್ಚೇನೂ ಭರವಸೆ ಕೊಡುವುದಿಲ್ಲ: ಏನೂ ಚಿಕಿತ್ಸೆ ಇಲ್ಲದ್ದಕ್ಕಿಂತ ಪರವಾಗಿಲ್ಲ, ಹುಸಿ ಸೂಜಿಗೆ ಹೋಲಿಸಿದರೆ ವ್ಯತ್ಯಾಸ ಸಣ್ಣದು, ಪುರಾವೆಯ ಗುಣಮಟ್ಟ ಕಡಿಮೆ. ನಾನು ಕಂಡಂತೆ ಮೊದಲು ಸುಧಾರಿಸುವುದು ನಿದ್ದೆ. ಮನಸ್ಸು ಆಮೇಲೆ, ಅದೂ ಎಲ್ಲರಿಗಲ್ಲ.

ಚೀನೀ ಗಿಡಮೂಲಿಕೆ ನಾನು ಕೊಡುವುದಿಲ್ಲ. ಬೇಜಾರಿಗೆ ಹೆಸರಾದ ಶಿಯಾವ್ ಯಾವ್ ಸಾನ್ ಎಂಬ ಪುಡಿಯಲ್ಲಿ ಜೇಷ್ಠಮಧು ಇರುತ್ತದೆ. ಅದು ಜಾಸ್ತಿಯಾದರೆ ಬಿಪಿ ಏರುತ್ತದೆ. ಅದರಲ್ಲೇ ಇರುವ ಡಾಂಗ್ ಗುಯಿ ಎಂಬ ಬೇರು ರಕ್ತ ತೆಳುವಾಗಿಸುವ ಗುಳಿಗೆಯ ಜೊತೆ ಸೇರಬಾರದು.

ಸೊಲ್ಲಾಪುರ ಜಿಲ್ಲೆಯವರಿಗೆ ಚೀನಾ ಅಂದ ಕೂಡಲೇ ನೆನಪಾಗುವುದು, ಯುದ್ಧದ ಹೊತ್ತಲ್ಲಿ ಚೀನಾಕ್ಕೆ ಹೋಗಿ ಗಾಯಾಳುಗಳ ಸೇವೆ ಮಾಡಿದ ನಮ್ಮೂರ ಕಡೆಯ ಡಾ. ಕೋಟ್ನೀಸ್. “ಇದು ಅವರು ತಂದ ವಿದ್ಯೆ ಅಲ್ವಾ?” ಅಂತ ಕೇಳುತ್ತಾರೆ. ಅಲ್ಲ. ಅವರು 1942ರಲ್ಲಿ ಚೀನಾದಲ್ಲೇ ತೀರಿಕೊಂಡರು. ಇಲ್ಲಿಗೆ ತಂದವರು 1938ರಲ್ಲಿ ಅವರ ಜೊತೆಗೇ ಹೋಗಿದ್ದ ಡಾ. ಬಿ.ಕೆ. ಬಸು.

ಸಾಯುವ ಮಾತು ಬಂದರೆ, ಅಥವಾ ಬಾಣಂತಿ ಮಗುವಿನ ಮುಖ ನೋಡಲೊಲ್ಲೆ ಅಂದರೆ ಸೂಜಿಗೆ ಕಾಯುವುದಿಲ್ಲ, ಅವತ್ತೇ ಮನೋವೈದ್ಯರ ಬಳಿ ಕಳಿಸುತ್ತೇನೆ. ಅವರು ಕೊಟ್ಟ ಗುಳಿಗೆಯನ್ನು ನನ್ನ ಸೂಜಿ ನಂಬಿ ಬಿಡಬೇಡಿ ಅಂತಲೂ ಹೇಳುತ್ತೇನೆ. ಸಂತೆಯಲ್ಲಿ ಮರಾಠಿ ಆಡುವವರಿಗೂ ಒಳಗಿನ ಸಂಕಟ ಹೇಳಲು ಕನ್ನಡವೇ ಬೇಕು. ಅದಕ್ಕೆ ಅವರು ನನ್ನ ಮುಂದೆ ಹೇಳಿದ್ದನ್ನೆಲ್ಲ ಅವರ ಒಪ್ಪಿಗೆ ಕೇಳಿ, ಮನೋವೈದ್ಯರಿಗೆ ತೋರಿಸಲು ಮರಾಠಿಯಲ್ಲಿ ಚೀಟಿ ಬರೆದು ಕೈಗೆ ಕೊಡುತ್ತೇನೆ. ಚೀಟಿಯ ಹಿಂದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ ಇರುತ್ತದೆ, 14416. ದುಡ್ಡು ಬೀಳುವುದಿಲ್ಲ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.